ಖಾಲಿ ಅಲೆಯ ವಿಡಿಯೊ ಹಾಕಬೇಡಿ ಅಂದರೆ ತಪ್ಪಾ?

ಉಪ್ಪುಗಾಳಿ
ಸರ್ಫಿಂಗ್ ಮಾಡುವ ಗೆಳೆಯರೇ, ಜನಜಂಗುಳಿ ಇಲ್ಲದ ಖಾಲಿ ಅಲೆಯ ವಿಡಿಯೊವನ್ನು ಜಾಗದ ಗುರುತು ಸಮೇತ ಹಾಕುವುದನ್ನು ನಿಲ್ಲಿಸಿ ಅಂತ ಕೇಳಿಕೊಳ್ಳಲು ಇದನ್ನು ಬರೆಯುತ್ತಿದ್ದೇನೆ. ಬೈಯುವವರು ಬೈಯಿರಿ.

ಈಗಿನ ಪರಿಸ್ಥಿತಿ ನೋಡಿ. ಸಮುದ್ರ ಕಣ್ಣೆದುರೇ ಇರುತ್ತದೆ. ಆದರೂ ದಡದಲ್ಲಿ ನಿಂತವರು ಬೋರ್ಡನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ಬಿಸಿಲಿಗೆ ಕೈ ಅಡ್ಡ ಹಿಡಿದು, ಫೋನಿನಲ್ಲಿ ಅದೇ ಸಮುದ್ರದ ಕ್ಯಾಮೆರಾ ನೋಡುತ್ತಿರುತ್ತಾರೆ. ಅಲೆ ಮುನ್ಸೂಚನೆಯ ಆ್ಯಪ್‌ನಲ್ಲಿ ಬಣ್ಣ ಹಸಿರಾಯಿತೋ, ಎಲ್ಲರೂ ಒಟ್ಟಿಗೆ ನೀರಿಗೆ. ಮುಂಚೆ ಗಾಳಿ ನೋಡಿ, ಉಬ್ಬರ ಇಳಿತ ನೋಡಿ, ಹತ್ತಾರು ಸಲ ಬರಿಗೈಲಿ ವಾಪಸಾದ ಮೇಲೆ ಒಂದು ಜಾಗ ಅರ್ಥವಾಗುತ್ತಿತ್ತು. ಈಗ ಮ್ಯಾಪಿನ ಮೇಲೆ ಬೆರಳಿಟ್ಟರೆ ಸಾಕು.

ಜನ ಜಾಸ್ತಿಯಾದ ಮೇಲೆ ಮಿಕ್ಕಿದ್ದೂ ಹಿಂದೆಯೇ ಬರುತ್ತದೆ. ಮರಳುದಿಬ್ಬದ ಬಳ್ಳಿ ತುಳಿದು ಹೊಸ ಕಾಲುದಾರಿ, ಕಾರು, ಕಸ, ನೀರಿನ ಮೇಲೆ ಸನ್‌ಸ್ಕ್ರೀನಿನ ಪೊರೆ. ಮೊನ್ನೆ ಇಲ್ಲೇ ಒಬ್ಬರು ಒಳ್ಳೆ ಆರಡಿ ಅಲೆಯಲ್ಲಿ ಒಬ್ಬನೇ ಸವಾರಿ ಮಾಡುವ ವಿಡಿಯೊ ಹಾಕಿದ್ದರು. ಕೆಳಗೆ ಮ್ಯಾಪಿನ ಗುರುತು. ಹೆಸರು ಹೇಳುವುದಿಲ್ಲ. ಮುಂದಿನ ಸ್ವೆಲ್‌ಗೆ, ಅಂದರೆ ದೂರದ ಬಿರುಗಾಳಿಯಿಂದ ಅಲೆಗಳ ಸಾಲು ಬಂದಾಗ, ಅಲ್ಲಿ ಲೈನಪ್, ಅಂದರೆ ಅಲೆಗೆ ಕಾಯುವವರ ಗುಂಪು, ಹೇಗಿತ್ತು ಅಂತ ಹೋದವರೇ ಹೇಳಲಿ.

ನೊರೆವೀರ
ಹೆಸರು ಹೇಳದಿದ್ದರೂ ಎಲ್ಲರಿಗೂ ಗೊತ್ತಾಯಿತು ಬಿಡಿ, ಅದು ನನ್ನ ವಿಡಿಯೊ.

“ಒಂದು ಜಾಗ ಅರ್ಥವಾಗುತ್ತಿತ್ತು” ಅಂತೆ. ಯಾರಿಗೆ? ದಡದಲ್ಲೇ ಮನೆ ಇರುವವರಿಗೆ, ಅಣ್ಣನೋ ಮಾವನೋ ಕಲಿಸಿಕೊಟ್ಟವರಿಗೆ. ನನ್ನಂಥವನಿಗೆ ಸರ್ಫಿಂಗ್ ಕಲಿಸಿದ್ದೇ ನೆಟ್. ಎದ್ದು ನಿಲ್ಲುವುದು ಹೇಗೆ, ಬೇರೆಯವರ ಅಲೆಗೆ ನುಗ್ಗುವ ಡ್ರಾಪ್ ಇನ್ ಅಂದರೆ ಏನು, ಯಾರಿಗೆ ಮೊದಲ ಹಕ್ಕು, ಎಲ್ಲ ವಿಡಿಯೊ ನೋಡಿಯೇ ಕಲಿತದ್ದು. ನೀವು ಒಳಗೆ ಬಂದ ಮೇಲೆ ಬಾಗಿಲು ಹಾಕಿಬಿಡಬೇಕು, ಅದಕ್ಕೆ ಪರಿಸರದ ಹೆಸರು. ಅಷ್ಟೇ.

ಅಂದ ಹಾಗೆ ಅದು ಆರಡಿ ಅಲ್ಲ. ಎಂಟಡಿ. ವಿಡಿಯೊ ಸರಿಯಾಗಿ ನೋಡಿ.

ಹವಳದಂಡೆ
ಉಪ್ಪುಗಾಳಿ ಹೇಳಿದ್ದರಲ್ಲಿ ಅರ್ಧ ಒಪ್ಪುತ್ತೇನೆ. ಆದರೆ ಜನ ಬರುವುದೊಂದೇ ಹಾನಿಯಲ್ಲ. ನಾವೆಲ್ಲ ಚಳಿಗೆ ಹಾಕಿಕೊಳ್ಳುವ ವೆಟ್‌ಸೂಟ್ ನಿಯೋಪ್ರೀನ್ ರಬ್ಬರಿನದ್ದು. ಅದನ್ನು ಕ್ಲೋರೋಪ್ರೀನ್ ಎಂಬ ರಾಸಾಯನಿಕದಿಂದ ಮಾಡುತ್ತಾರೆ. ಅದು ಕ್ಯಾನ್ಸರ್ ತರುವ ಸಾಧ್ಯತೆ ಇದೆ ಅಂತ ಅಮೆರಿಕದ ಪರಿಸರ ಸಂಸ್ಥೆಯೇ 2010ರಲ್ಲಿ ಹೇಳಿದೆ. ಬೋರ್ಡು ಪಾಲಿಯುರೆಥೇನ್ ಫೋಮು, ಮೇಲೆ ರೆಸಿನ್. ಇದರ ಬಗ್ಗೆ ಯಾರೂ ಮಾತಾಡುವುದಿಲ್ಲ. ವಿಡಿಯೊ ಹಾಕಿದವನ ಮೇಲೆ ಮಾತ್ರ ಸಿಟ್ಟು.

ಹಳೇಹಲಗೆ
“ಎಂಟಡಿ”?

ನಾಲ್ಕಡಿ. ತುಂಬಾ ಧಾರಾಳವಾಗಿ ಹೇಳಿದರೆ ನಾಲ್ಕೂವರೆ.

ನೊರೆವೀರ
ಸರ್, ನಿಮ್ಮ ಕಣ್ಣಿಗೆ ಏನಾದರೂ ತೊಂದರೆ ಇದೆಯಾ? ಅಲೆಯ ತುದಿ ನನ್ನ ತಲೆಗಿಂತ ಮೇಲಿದೆ. ನಾನು ನಾಲ್ಕಡಿ ಮನುಷ್ಯನಾ?

ಹಳೇಹಲಗೆ
ನೀವು ಎಷ್ಟಡಿ ಅಂತ ನಾನು ಹೇಳಲಿಲ್ಲ. ಅಲೆ ನಾಲ್ಕಡಿ ಅಂದೆ. ಹವಾಯಿಯಲ್ಲಿ ಅಲೆಯನ್ನು ಹೇಳುವ ರೂಢಿ ಹಾಗೆ. ಮುಂಭಾಗ ಎಂಟಡಿ ಕಂಡರೆ ನಾಲ್ಕು ಅನ್ನುತ್ತಾರೆ. ನಿಜವಾದ ಅಲೆಗಳನ್ನು ಸವಾರಿ ಮಾಡಿದವರ ಅಳತೆ ಅದು. ನೆಟ್ ಬಂದ ಮೇಲೆ ಎಲ್ಲರ ಅಲೆಯೂ ದುಪ್ಪಟ್ಟಾಯಿತು. ಲೈಕು ಬೇಕಲ್ಲ.

ಮೇಣದಮುದ್ದೆ
ಮೀನು ಹಿಡಿಯುವವರು ಎರಡು ಕೈ ಅಗಲಿಸಿ ತೋರಿಸುತ್ತಾರೆ, ಸರ್ಫರ್‌ಗಳು ಒಂದು ಕೈ ಮೇಲೆತ್ತಿ ತೋರಿಸುತ್ತಾರೆ. ಅಷ್ಟೇ ವ್ಯತ್ಯಾಸ.

ಅಳತೆಗೋಲು
ಇಬ್ಬರೂ ತಪ್ಪು. ವಿಡಿಯೊ ನಿಲ್ಲಿಸಿ ಅಳೆದಿದ್ದೇನೆ.

ಒಬ್ಬ ಸಾಧಾರಣ ಎತ್ತರದವನು ಮಂಡಿ ಬಗ್ಗಿಸಿ ನಿಂತರೆ ಸುಮಾರು 1.2 ಮೀಟರ್. ಅಲೆಯ ಬುಡದಿಂದ ತುದಿಗೆ ಅದರ 1.6 ಪಟ್ಟು ಬರುತ್ತದೆ. ಅಂದರೆ 1.92 ಮೀಟರ್. ಆರಡಿಗಿಂತ ಒಂದಿಷ್ಟು ಜಾಸ್ತಿ. ಉಪ್ಪುಗಾಳಿ ಹೇಳಿದ್ದು ಸರಿ.

“ನಿಜವಾದ ಅಲೆಗಳನ್ನು ಸವಾರಿ ಮಾಡಿದವರ ಅಳತೆ” ಎಂಬುದಕ್ಕೆ ಏನು ಆಧಾರ? ಹವಾಯಿಯಲ್ಲಿ ಅಲೆಯನ್ನು ಹಿಂದಿನಿಂದ ಅಳೆಯುತ್ತಾರೆ, ಅದಕ್ಕೇ ಅರ್ಧ ಅನ್ನುವ ಕಥೆ ಎಲ್ಲರೂ ಹೇಳುತ್ತಾರೆ. ಹಿಂದೆ ಟೇಪು ಹಿಡಿದು ಕೂತವನನ್ನು ನಾನಂತೂ ಕಂಡಿಲ್ಲ.

ಉಪ್ಪುಗಾಳಿ
ಥ್ಯಾಂಕ್ಸ್. ಆದರೆ ನಾನು ಶುರು ಮಾಡಿದ್ದು ಅಲೆಯ ಎತ್ತರದ ಬಗ್ಗೆ ಅಲ್ಲ. “ಬಾಗಿಲು ಹಾಕಿಬಿಡಬೇಕು” ಅಂತ ನೊರೆವೀರ ಹೇಳಿದ್ದಾರೆ. ನಾನು ಯಾರನ್ನೂ ಬರಬೇಡಿ ಅಂದಿಲ್ಲ. ಹುಡುಕಿಕೊಂಡು ಬನ್ನಿ ಅಂದೆ. ನಮೀಬಿಯಾದ ಸ್ಕೆಲಿಟನ್ ಬೇ ಕಥೆ ಗೊತ್ತಲ್ವಾ? ಅಮೆರಿಕದ ಒಂದು ಸರ್ಫಿಂಗ್ ಪತ್ರಿಕೆ, ಗೂಗಲ್ ಅರ್ಥ್‌ನಲ್ಲಿ ಹೊಸ ಅಲೆ ಹುಡುಕಿ ಅಂತ ಓದುಗರಿಗೆ ಸ್ಪರ್ಧೆ ಇಟ್ಟಿತು. ಒಬ್ಬ ಓದುಗ ಕಂಪ್ಯೂಟರ್ ಮುಂದೆ ಕೂತೇ ಮರುಭೂಮಿ ಅಂಚಿನ ಆ ಮರಳು ನಾಲಿಗೆಯನ್ನು ತೋರಿಸಿದ. 2008ರಲ್ಲಿ ಜಗತ್ತಿಗೆಲ್ಲ ಗೊತ್ತಾಯಿತು. ಸವಾರನ ಎಡಕ್ಕೆ ಸುಮಾರು ಎರಡು ಕಿಲೋಮೀಟರ್ ಉದ್ದ ಒಡೆಯುತ್ತ ಹೋಗುವ ಅಲೆ. ಈಗ ಸ್ವೆಲ್ ಮುನ್ಸೂಚನೆ ಬಂದರೆ ಸಾಕು, ಬೇರೆ ಖಂಡಗಳಿಂದ ವಿಮಾನ ಹತ್ತಿಕೊಂಡು ಬರುತ್ತಾರೆ.

ನೊರೆವೀರ
“ಕಂಪ್ಯೂಟರ್ ಮುಂದೆ ಕೂತೇ” ಅಂತ ನೀವೇ ಹೇಳಿದಿರಿ. ಅಂದ ಮೇಲೆ ನನ್ನ ವಿಡಿಯೊ ಇಲ್ಲದಿದ್ದರೂ ಜನ ಉಪಗ್ರಹದ ಚಿತ್ರದಲ್ಲಿ ನೋಡಿಕೊಂಡು ಬರುತ್ತಾರೆ. ಮುಚ್ಚಿಡಲು ಏನೂ ಉಳಿದಿಲ್ಲ. ವಾದ ಮುಗಿಯಿತು.

ಅಳತೆಗೋಲು ಅವರೇ, ನಾನು “ಸಾಧಾರಣ ಎತ್ತರದವನು” ಅಂತ ನಿಮಗೆ ಯಾರು ಹೇಳಿದರು? ನಾನು ಉದ್ದ ಇದ್ದೇನೆ. ಅದೂ ಅಲ್ಲದೆ ಅದು ವೈಡ್ ಲೆನ್ಸ್. ಚಿಕ್ಕ ಆ್ಯಕ್ಷನ್ ಕ್ಯಾಮೆರಾಗಳಲ್ಲಿ ಅಲೆ ಯಾವಾಗಲೂ ಸಣ್ಣದಾಗಿ ಕಾಣುತ್ತದೆ ಅಂತ ಮಕ್ಕಳಿಗೂ ಗೊತ್ತು.

ಅಳತೆಗೋಲು
ಲೆನ್ಸ್ ವೈಡ್ ಆದರೆ ನೀವೂ ಸಣ್ಣದಾಗಿ ಕಾಣುತ್ತೀರಿ, ಅಲೆಯೂ ಸಣ್ಣದಾಗಿ ಕಾಣುತ್ತದೆ. ಪಟ್ಟು ಅಷ್ಟೇ ಇರುತ್ತದೆ. ನೀವಿರುವುದು ಚಿತ್ರದ ನಡುವೆ, ಅಂಚಿನಲ್ಲಲ್ಲ. ಹಾಗಾಗಿ ಚಿತ್ರ ಎಳೆದು ಹಿಗ್ಗುವುದೂ ಕಡಿಮೆ.

ನೀವು ಉದ್ದ ಇದ್ದರೆ ನಿಮ್ಮ ಎತ್ತರ ಹೇಳಿ, ಲೆಕ್ಕ ಸರಿಪಡಿಸುತ್ತೇನೆ.

ನೊರೆವೀರ
ನನ್ನ ಎತ್ತರ ನಿಮಗ್ಯಾಕೆ?

ಮೇಣದಮುದ್ದೆ
ಜಾಗದ ಗುರುತು ಹಾಕುತ್ತಾರಂತೆ, ಎತ್ತರ ಮಾತ್ರ ಗುಟ್ಟಂತೆ.

ಹಳೇಹಲಗೆ
“ಆಧಾರ” ಕೇಳಿದರಲ್ಲ ಅಳತೆಗೋಲು, ನೀವು ಹಿಡಿದಿರುವ ಲೆಕ್ಕಕ್ಕೇ ಆಧಾರ ಇಲ್ಲ. ಅಲೆಯ “ಬುಡ” ಎಲ್ಲಿ ಅಂತ ಯಾರು ತೀರ್ಮಾನಿಸುತ್ತಾರೆ? ಚಪ್ಪಟೆ ನೀರು ಎಲ್ಲಿ ಮುಗಿಯಿತು, ಅಲೆ ಎಲ್ಲಿ ಶುರುವಾಯಿತು? ಒಂದು ಅಡಿ ಕೆಳಗೆ ಗೆರೆ ಎಳೆದರೆ ಏಳಡಿ, ಒಂದು ಅಡಿ ಮೇಲೆ ಎಳೆದರೆ ಐದಡಿ. ಅದಕ್ಕೇ ಹಳಬರು ಅರ್ಧ ಹೇಳುತ್ತಿದ್ದರು. ಜಗಳ ಇಲ್ಲ.

ಅಳತೆಗೋಲು
“ಜಗಳ ಇಲ್ಲ” ಅಂತ ಜಗಳದ ನಡುವೆ ಹೇಳುತ್ತಿದ್ದೀರಿ. ಇರಲಿ.

ಪೋರ್ಚುಗಲ್‌ನ ನಜಾರೆಯಲ್ಲಿ ಸೆಬಾಸ್ಟಿಯನ್ ಸ್ಟ್ಯೂಡ್ನರ್ 2020ರ ಅಕ್ಟೋಬರ್ 29ರಂದು ಸವಾರಿ ಮಾಡಿದ ಅಲೆಗೆ ದಾಖಲೆ ಸಿಕ್ಕಿತು. 86 ಅಡಿ, ಅಂದರೆ 26.21 ಮೀಟರ್. ಅದನ್ನು ಅಳೆದದ್ದು ಹೀಗೆಯೇ. ಚಿತ್ರದಲ್ಲಿ ಬಗ್ಗಿ ನಿಂತ ಮನುಷ್ಯನನ್ನೇ ಅಳತೆಗೋಲು ಮಾಡಿಕೊಂಡು, ಕ್ಯಾಮೆರಾ ಎಲ್ಲಿತ್ತು, ಎಷ್ಟು ದೂರ ಇತ್ತು ಅಂತೆಲ್ಲ ಹಿಡಿದು ಲೆಕ್ಕ ಹಾಕಿದರು. ಅದನ್ನು ಗಿನ್ನೆಸ್‌ನವರು ಒಪ್ಪಿದರು. ನಿಮ್ಮ ಅರ್ಧ ಲೆಕ್ಕದಲ್ಲಿ ಅದು 43 ಅಡಿ. ಹೋಗಿ ಸ್ಟ್ಯೂಡ್ನರ್‌ಗೆ ಹೇಳಿ ಬನ್ನಿ.

ಹಳೇಹಲಗೆ
ಆ ದಾಖಲೆ ಪ್ರಕಟವಾದದ್ದು 2022ರಲ್ಲಿ. ಒಂದು ಅಲೆ ಅಳೆಯಲು ಒಂದೂವರೆ ವರ್ಷ. ನೀವು ಫೋನಿನಲ್ಲಿ ವಿಡಿಯೊ ನಿಲ್ಲಿಸಿ ಅರ್ಧ ಗಂಟೆಯಲ್ಲಿ ದಶಮಾಂಶ ಸಮೇತ ಹೇಳಿಬಿಟ್ಟಿರಿ. ಭೇಷ್.

ನೊರೆವೀರ
ಇದೇ ನಾನೂ ಕೇಳಬೇಕು ಅಂತಿದ್ದೆ. 1.92 ಅಂತೆ! ಎರಡನೇ ದಶಮಾಂಶ ಎಲ್ಲಿಂದ ಬಂತು ಸ್ವಾಮಿ?

ಸ್ವೆಲ್‌ಶಾಸ್ತ್ರಿ
ನೀವೆಲ್ಲ ಅಲೆಯ ಎತ್ತರ ಹಿಡಿದುಕೊಂಡು ಕಿತ್ತಾಡುತ್ತಿದ್ದೀರಿ. ಆ ದಿನದ ಪಿರಿಯಡ್, ಅಂದರೆ ಒಂದು ಅಲೆಗೂ ಮುಂದಿನ ಅಲೆಗೂ ನಡುವಿನ ಸೆಕೆಂಡು, ಎಷ್ಟಿತ್ತು? ಅದನ್ನು ಯಾರೂ ಕೇಳಲಿಲ್ಲ.

ಆಳ ನೀರಿನಲ್ಲಿ ಅಲೆಯುದ್ದ ಅಂದರೆ ಪಿರಿಯಡ್‌ನ ವರ್ಗಕ್ಕೆ 1.56ರಿಂದ ಗುಣಿಸಿದ್ದು. 8 ಸೆಕೆಂಡಿನ ಅಲೆ ಸುಮಾರು 100 ಮೀಟರ್ ಉದ್ದ. 16 ಸೆಕೆಂಡಿನದ್ದು 400 ಮೀಟರ್. ಅಲೆ ತನ್ನ ಅರ್ಧ ಉದ್ದದಷ್ಟು ಆಳದಲ್ಲೇ ತಳವನ್ನು ಮುಟ್ಟಲು ಶುರು ಮಾಡುತ್ತದೆ. ಒಂದು 50 ಮೀಟರ್ ಆಳದಲ್ಲಿ, ಇನ್ನೊಂದು 200 ಮೀಟರ್ ಆಳದಲ್ಲಿ. ಅದಕ್ಕೇ ಉದ್ದ ಪಿರಿಯಡ್ ಅಲೆ ಎಷ್ಟೋ ದೂರದಿಂದ ತಿರುಗಿಕೊಂಡು, ಎತ್ತರಿಸಿಕೊಂಡು ಬರುತ್ತದೆ. ಒಂದೇ ಎತ್ತರದ ಎರಡು ಸ್ವೆಲ್‌ಗಳಲ್ಲಿ ಪಿರಿಯಡ್ ದುಪ್ಪಟ್ಟಾದರೆ ಹೊತ್ತು ತರುವ ಶಕ್ತಿಯೂ ದುಪ್ಪಟ್ಟು. ಸುಮ್ನೆ ಅಡಿ ಅಡಿ ಅಂದರೆ ಏನು ತಿಳಿಯುತ್ತದೆ?

ನೊರೆವೀರ
ಪಿರಿಯಡ್ 14 ಇತ್ತು. ಆ್ಯಪ್‌ನಲ್ಲಿ ಎತ್ತರ ಎಂಟಡಿ ಅಂತಲೇ ಇತ್ತು. ಈಗ ಏನು ಹೇಳುತ್ತೀರಿ?

ಸ್ವೆಲ್‌ಶಾಸ್ತ್ರಿ
“ಆ್ಯಪ್‌ನಲ್ಲಿ ಎಂಟಡಿ” ಅಂದಿರಲ್ಲ, ಈಗ ಗೊತ್ತಾಯಿತು ಎಡವಟ್ಟು ಎಲ್ಲಿ ಅಂತ. ಸ್ವೆಲ್ ಸಾಲಿನಲ್ಲಿ ಕೊಡುವ ಸಂಖ್ಯೆ ಸಾಮಾನ್ಯವಾಗಿ ಸಿಗ್ನಿಫಿಕಂಟ್ ಹೈಟ್. ಕಡಲಿನಲ್ಲಿ ಹಾದುಹೋಗುವ ಅಲೆಗಳಲ್ಲಿ ದೊಡ್ಡ ಮೂರನೇ ಒಂದು ಭಾಗ ತೆಗೆದು ಅದರ ಸರಾಸರಿ ಹಾಕುತ್ತಾರೆ. ಅದು ನಡುಗಡಲಿನ ಲೆಕ್ಕ. ದಡದಲ್ಲಿ ಒಡೆಯುವ ಅಲೆ ತಳ ನೋಡಿಕೊಂಡು ಅದಕ್ಕಿಂತ ದೊಡ್ಡದಾಗಬಹುದು, ಚಿಕ್ಕದೂ ಆಗಬಹುದು. ಅದೇ ಸ್ವೆಲ್‌ನಲ್ಲಿ ಒಂಟಿ ಅಲೆಯೊಂದು ಆ ಸಂಖ್ಯೆಯ ಎರಡು ಪಟ್ಟಿನ ಹತ್ತಿರಕ್ಕೂ ಹೋಗಬಹುದು. 1995ರ ಜನವರಿ 1ರಂದು ಉತ್ತರ ಸಮುದ್ರದ ನಡುವಿನ ಡ್ರೌಪ್ನರ್ ಅನಿಲ ವೇದಿಕೆಯಲ್ಲಿ ಲೇಸರ್ ಅಳೆದ ಅಲೆ 25.6 ಮೀಟರ್. ಆಗ ಸುತ್ತಲಿನ ಸಮುದ್ರದ ಸಿಗ್ನಿಫಿಕಂಟ್ ಹೈಟ್ ಸುಮಾರು 12 ಮೀಟರ್ ಅಷ್ಟೇ.

ನೊರೆವೀರ
“ಎರಡು ಪಟ್ಟಿನ ಹತ್ತಿರಕ್ಕೂ ಹೋಗಬಹುದು.” ಎಲ್ಲರೂ ಓದಿಕೊಳ್ಳಿ. ಅಂದರೆ ನನ್ನ ಅಲೆ ಹದಿನಾರಡಿ ಇರಲೂ ಸಾಧ್ಯವಿತ್ತು. ನಾನೇ ಕಡಿಮೆ ಹೇಳಿದ್ದೇನೆ.

ಸ್ವೆಲ್‌ಶಾಸ್ತ್ರಿ
ನಾನು ಹೇಳಿದ್ದು ಅದಲ್ಲ.

ಅಳತೆಗೋಲು
ಅಲೆ ಹದಿನಾರಡಿ ಇದ್ದಿದ್ದರೆ ಒಡೆಯುವ ಜಾಗದಲ್ಲಿ ನೀರಿನ ಆಳ ಇಪ್ಪತ್ತು ಅಡಿ ಬೇಕು. ಅಲೆ ತನ್ನ ಎತ್ತರದ ಸುಮಾರು 1.3 ಪಟ್ಟು ಆಳಕ್ಕೆ ಬಂದಾಗ ಒಡೆಯುತ್ತದೆ. ವಿಡಿಯೊದ ಕೊನೆಯಲ್ಲಿ ನೀವು ಬಿದ್ದು, ಎದ್ದು ನಿಲ್ಲುತ್ತೀರಿ. ನೀರು ಎದೆಮಟ್ಟ. ಅಲೆ ಒಡೆದ ಜಾಗದಿಂದ ಅಲ್ಲಿಗೆ ದೂರವೇನೂ ಇಲ್ಲ.

ಹವಳದಂಡೆ
ಅಯ್ಯೋ, ಇದು ಪರಿಸರದ ಚರ್ಚೆ ಅಲ್ವಾ? ನನ್ನ ವೆಟ್‌ಸೂಟ್ ಪ್ರಶ್ನೆಗೆ ಒಬ್ಬರೂ ಉತ್ತರ ಕೊಟ್ಟಿಲ್ಲ. ಮರದ ಹಾಲಿನ ರಬ್ಬರಿನಲ್ಲಿ ಮಾಡಿದ ಸೂಟ್‌ಗಳು ಬಂದು ವರ್ಷಗಳಾದವು. ಪ್ಯಾಟಗೋನಿಯಾ ಕಂಪನಿ 2016ರಲ್ಲೇ ಯೂಲೆಕ್ಸ್ ರಬ್ಬರಿನ ಸೂಟ್‌ಗಳನ್ನು ತಂದಿತು. ಸುಣ್ಣಕಲ್ಲಿನ ನಿಯೋಪ್ರೀನ್ ಹಸಿರು ಅಂತ ಮಾರುತ್ತಾರಲ್ಲ, ಅದರಲ್ಲೂ ಕೊನೆಗೆ ಬರುವುದು ಅದೇ ಕ್ಲೋರೋಪ್ರೀನ್. ಇಲ್ಲಿ ಯಾರಾದರೂ ಬದಲಾಯಿಸಿದ್ದೀರಾ?

ಹಳೇಹಲಗೆ
ಮೇಡಂ, “ಸುಣ್ಣಕಲ್ಲು” ಬಿಡಿ. ನಮ್ಮ ಕಾಲದಲ್ಲಿ ಒಂದೇ ಸೂಟು ತೇಪೆ ಹಾಕಿ ಹಾಕಿ ವರ್ಷಗಟ್ಟಲೆ ಬಳಸುತ್ತಿದ್ದೆವು. ಅದೇ ಪರಿಸರ ಪ್ರೇಮ.

ಅಳತೆಗೋಲು, “ಎದೆಮಟ್ಟ” ಅಂದಿದ್ದು ಚೆನ್ನಾಗಿದೆ. ಅಂದರೆ ಆಳ ನಾಲ್ಕೂವರೆ ಅಡಿ ಇರಬಹುದು. ನಿಮ್ಮದೇ 1.3ರಿಂದ ಭಾಗಿಸಿ. ಮೂರೂವರೆ ಅಡಿ ಬರುತ್ತದೆ. ನಾನು ನಾಲ್ಕು ಅಂದದ್ದೇ ಜಾಸ್ತಿಯಾಯಿತು.

ಅಳತೆಗೋಲು
ಅಲೆ ಒಡೆದ ಜಾಗ ಬೇರೆ, ಅವರು ಎದ್ದು ನಿಂತ ಜಾಗ ಬೇರೆ. ನಡುವೆ ಎಷ್ಟು ಇಳಿಜಾರು ಇದೆ ಅಂತ ನೋಡಬೇಕು.

ಹಳೇಹಲಗೆ
“ದೂರವೇನೂ ಇಲ್ಲ” ಅಂತ ಈಗಷ್ಟೇ ಬರೆದವರು ನೀವೇ.

ಮೇಣದಮುದ್ದೆ
ಎಂಟು, ಆರು, ನಾಲ್ಕು, ಮೂರೂವರೆ. ಇನ್ನು ಸ್ವಲ್ಪ ಹೊತ್ತಾದರೆ ಅವತ್ತು ಸಮುದ್ರ ಚಪ್ಪಟೆ ಇತ್ತು ಅಂತ ಸಾಬೀತಾಗುತ್ತದೆ.

ನೊರೆವೀರ
ಸಾಕು ನಿಮ್ಮ ತಮಾಷೆ. ಕಷ್ಟಪಟ್ಟು ಪ್ಯಾಡಲ್ ಮಾಡಿ ಹೊರಗೆ ಹೋದವನು ನಾನು. ಭುಜ ಬಿದ್ದು ಹೋಗಿತ್ತು. ಒಳಗೆ ಎಳೆದುಕೊಂಡು ಹೋಗಿ ತಿರುಗಿಸಿ ಹಾಕಿತು, ಕಿವಿಯಲ್ಲಿ ಮರಳು, ಬೋರ್ಡು ಕಟ್ಟಿಕೊಳ್ಳುವ ಲೀಶ್ ಹಗ್ಗ ಕಾಲಿಗೆ ಎರಡು ಸುತ್ತು ಬಿಗಿದಿತ್ತು. ದಡದಲ್ಲಿ ಕೂತು ಮೂರೂವರೆ ಅನ್ನುವವರು ಒಮ್ಮೆ ಬಂದು ನೋಡಿ.

ಉಪ್ಪುಗಾಳಿ
“ಒಮ್ಮೆ ಬಂದು ನೋಡಿ” ಅಂತ ಕರೆಯುವುದೇ ಸಮಸ್ಯೆ ಅಂತ ನಾನು ಮೊದಲಿನಿಂದ ಹೇಳುತ್ತಿದ್ದೇನೆ.

ನೊರೆವೀರ
ನಜಾರೆ ಹೇಗೆ ಬೆಳೆಯಿತು? ಅಲ್ಲಿಯವರೇ ಒಬ್ಬರು ಸರ್ಫರ್ ಗ್ಯಾರೆಟ್ ಮೆಕ್‌ನಮಾರಾಗೆ ಅಲೆಯ ಫೋಟೊ ಇಮೇಲ್ ಮಾಡಿದರು. ಅವರು 2010ರಲ್ಲಿ ಬಂದರು. 2011ರಲ್ಲಿ 78 ಅಡಿ ಅಲೆ ಸವಾರಿ ಮಾಡಿದರು, ವಿಡಿಯೊ ಜಗತ್ತೆಲ್ಲ ಓಡಾಡಿತು. ಚಳಿಗಾಲದಲ್ಲಿ ಯಾರೂ ಬರದಿದ್ದ ಊರಿಗೆ ಈಗ ದೀಪಸ್ತಂಭದ ಹತ್ತಿರ ಕಾಲಿಡಲು ಜಾಗ ಇಲ್ಲ. ಆ ಊರಿನವರು ಅಳುತ್ತಿದ್ದಾರಾ? ಅಲೆ ಹಾಳಾಯಿತಾ? ಇಲ್ಲ.

ಸ್ವೆಲ್‌ಶಾಸ್ತ್ರಿ
ನಜಾರೆಯ ಅಲೆ ಹಾಳಾಗದಿರಲು ಕಾರಣ ಅದರ ತಳ. ಅಲ್ಲಿ ಕಡಲಡಿಯ ಕಣಿವೆ ಬಹುತೇಕ ದಡದವರೆಗೆ ಬರುತ್ತದೆ. ಅತಿ ಆಳದ ಕಡೆ ಸುಮಾರು 5,000 ಮೀಟರ್. ಕಣಿವೆಯ ಮೇಲಿನ ಸ್ವೆಲ್ ವೇಗವಾಗಿ ಬರುತ್ತದೆ, ಪಕ್ಕದ ಆಳವಿಲ್ಲದ ನೀರಿನದ್ದು ನಿಧಾನವಾಗುತ್ತದೆ. ಎರಡೂ ಬಾಗಿ ಒಂದೇ ಕಡೆ ಸೇರಿ ಏರುತ್ತವೆ. ಆ ಕಣಿವೆಯನ್ನು ಯಾರೂ ತುಳಿದು ಹಾಳು ಮಾಡಲಾಗದು. ಮರಳಿನ ತಳದ ಅಲೆ ಹಾಗಲ್ಲ.

ಹಳೇಹಲಗೆ
ಮರಳಿನ ತಳ ಅಂದಾಗ ಸ್ಪೇನಿನ ಮುಂಡಾಕಾ ನೆನಪಾಯಿತು. ನದಿ ಬಾಯಲ್ಲಿ ಮರಳು ದಿಣ್ಣೆ ಮೇಲೆ ಒಡೆಯುವ ಅಲೆ. 2003ರಲ್ಲಿ ಅಳಿವೆಯಲ್ಲಿ ಹೂಳೆತ್ತಿದರು. ದಿಣ್ಣೆ ಕದಲಿತು, ಅಲೆ ಕೆಟ್ಟಿತು. 2005ರಲ್ಲಿ ಅಲ್ಲಿನ ದೊಡ್ಡ ಸ್ಪರ್ಧೆಯೂ ರದ್ದಾಯಿತು. ಆಮೇಲೆ ಮರಳು ತಾನಾಗಿ ಬಂದು ಕೂತಿತು. ಕ್ಯಾಲಿಫೋರ್ನಿಯಾದ ಡೇನಾ ಪಾಯಿಂಟ್‌ನ ಅಲೆಗೆ ಆ ಅದೃಷ್ಟವೂ ಇರಲಿಲ್ಲ. 1966ರಲ್ಲಿ ಬಂದರು ಕಟ್ಟಲು ಶುರು ಮಾಡಿದರು, ಅಲೆ ಶಾಶ್ವತವಾಗಿ ಹೋಯಿತು. ಆಗ ಇಂಟರ್ನೆಟ್ಟೂ ಇರಲಿಲ್ಲ, ವಿಡಿಯೊವೂ ಇರಲಿಲ್ಲ. ಅಲೆ ಕೊಲ್ಲುವುದು ಕಾಂಕ್ರೀಟು.

ನೊರೆವೀರ
“ಅಲೆ ಕೊಲ್ಲುವುದು ಕಾಂಕ್ರೀಟು.” ಹಳೇಹಲಗೆಯವರೇ ನನ್ನ ಕಡೆ ಬಂದರು!

ಹಳೇಹಲಗೆ
ನಾನು ಯಾವ ಕಡೆಗೂ ಬಂದಿಲ್ಲ. ಅಲೆ ಈಗಲೂ ನಾಲ್ಕಡಿ.

ಉಪ್ಪುಗಾಳಿ
ಕಾಂಕ್ರೀಟು ಒಂದು ಸಲ ಬರುತ್ತದೆ, ಅದಕ್ಕೆ ಅನುಮತಿ ಬೇಕು, ವಿರೋಧಿಸಲು ಸಮಯ ಸಿಗುತ್ತದೆ. ವಿಡಿಯೊ ರಾತ್ರೋರಾತ್ರಿ ಹರಡುತ್ತದೆ. ಯಾರನ್ನು ಕೇಳಬೇಕು? ನನ್ನ ಮಾತು ಅಷ್ಟೇ.

ಹವಳದಂಡೆ
“ವಿರೋಧಿಸಲು ಸಮಯ ಸಿಗುತ್ತದೆ” ಅಂದಿರಲ್ಲ, ಆ ವಿರೋಧಕ್ಕೆ ಕೈ ಕೊಟ್ಟದ್ದೂ ಇದೇ ಇಂಟರ್ನೆಟ್. ಪ್ಯಾರಿಸ್ ಒಲಿಂಪಿಕ್ಸ್‌ನ ಸರ್ಫಿಂಗ್ ಟಹೀಟಿಯ ಟೆಯಾಹುಪೋದಲ್ಲಿ ನಡೆಯಿತು. ತೀರ್ಪುಗಾರರಿಗೆ ಹವಳದ ದಂಡೆ ಮೇಲೆ ಹೊಸ ಅಲ್ಯೂಮಿನಿಯಂ ಗೋಪುರ ಕಟ್ಟುತ್ತೇವೆ ಅಂದರು. 2023ರ ಅಕ್ಟೋಬರಿನಲ್ಲಿ ಅಲ್ಲಿನ ಜನ ಮೆರವಣಿಗೆ ಮಾಡಿದರು. ಆನ್‌ಲೈನ್ ಅರ್ಜಿಗೆ ಲಕ್ಷಕ್ಕೂ ಜಾಸ್ತಿ ಸಹಿ ಬಿತ್ತು. ಡಿಸೆಂಬರಿನಲ್ಲಿ ಪರೀಕ್ಷೆಗೆ ತಂದ ದೋಣಿಗೆ ಸಿಕ್ಕಿ ಹವಳ ಮುರಿದ ವಿಡಿಯೊ ಹರಡಿತು, ಕೆಲಸ ನಿಂತಿತು. ಕೊನೆಗೆ ಗೋಪುರ ಬಂತು, ಆದರೆ ಚಿಕ್ಕದಾಗಿ. ಯಾರೂ ಏನೂ ಹಾಕದೆ ಸುಮ್ಮನಿದ್ದಿದ್ದರೆ ಮೊದಲ ನಕ್ಷೆಯದ್ದೇ ನಿಲ್ಲುತ್ತಿತ್ತು.

ಇನ್ನೊಂದು ಮಾತು. 2024ರ ಜುಲೈ 29ರಂದು ಅಲ್ಲಿನ ಒಲಿಂಪಿಕ್ಸ್ ಸ್ಪರ್ಧಿ ಗೇಬ್ರಿಯೆಲ್ ಮೆಡಿನಾ ಗಾಳಿಯಲ್ಲಿ ನೆಟ್ಟಗೆ ನಿಂತಂತಿರುವ ಫೋಟೊ ಬಂತು, ಪಕ್ಕದಲ್ಲೇ ಬೋರ್ಡು. ಅದನ್ನು ಎಲ್ಲರೂ ಹಂಚಿಕೊಂಡರು. ಅದೇ ದಂಡೆಯ ಹವಳ ಏನಾಯಿತು ಅಂತ ಕೇಳಿದವರು ಎಷ್ಟು ಜನ? ನೆಟ್‌ನ ಸಿಟ್ಟು ಅಷ್ಟೇ ದಿನ ಬಾಳುತ್ತದೆ.

ಅಳತೆಗೋಲು
ಟೆಯಾಹುಪೋ ಅಂತ ಹೇಳಿದಿರಿ, ಒಳ್ಳೆಯದಾಯಿತು. ಅಲ್ಲಿ ಅಲೆಯ ಬುಡ ಸುತ್ತಲಿನ ನೀರಿನ ಮಟ್ಟಕ್ಕಿಂತ ಕೆಳಗೆ ಹೋಗುತ್ತದೆ. ಹಿಂದಿನಿಂದ ನೋಡಿದರೆ ಬರೀ ಒಂದು ಉಬ್ಬು. ಮುಂದಿನಿಂದ ಗುಹೆ. ಹಳೇಹಲಗೆಯವರ ಹಾಗೆ ಹಿಂದಿನಿಂದ ಅಳೆದರೆ ಅಲ್ಲಿ ಅಲೆಯೇ ಇರುವುದಿಲ್ಲ.

ಹವಳದಂಡೆ
ನಾನು ಹವಳದ ಬಗ್ಗೆ ಬರೆದೆ!

ಸ್ವೆಲ್‌ಶಾಸ್ತ್ರಿ
ಅಳತೆಗೋಲು ಹೇಳಿದ್ದು ನನ್ನ ಮಾತಿಗೇ ಸಾಕ್ಷಿ. 2000ದ ಆಗಸ್ಟ್ 17ರಂದು ಲೇರ್ಡ್ ಹ್ಯಾಮಿಲ್ಟನ್ ಅಲ್ಲಿ ಸವಾರಿ ಮಾಡಿದ ಅಲೆಯನ್ನು ಜನ ಇವತ್ತಿಗೂ ನೆನೆಯುತ್ತಾರೆ. ಎತ್ತರಕ್ಕಲ್ಲ. ಮುಂದಕ್ಕೆ ಬಾಗಿ ಬೀಳುವ ಅದರ ತುಟಿ ಅಷ್ಟು ದಪ್ಪ ಇತ್ತು, ಸಮುದ್ರವೇ ಮಡಚಿದ ಹಾಗೆ ಇತ್ತು ಅಂತ. ಆಳದಿಂದ ನೇರ ಆಳವಿಲ್ಲದ ಹವಳದ ದಂಡೆಗೆ ನುಗ್ಗುವ ಉದ್ದ ಪಿರಿಯಡ್ ಸ್ವೆಲ್ ಅದು. ಅಂಥ ಸ್ವೆಲ್ ಹುಟ್ಟುವುದು ಸಾವಿರಾರು ಕಿಲೋಮೀಟರ್ ಆಚೆ. ಸಾಗರ ವಿಜ್ಞಾನಿ ವಾಲ್ಟರ್ ಮಂಕ್ ತಂಡ 1963ರಲ್ಲಿ ದಕ್ಷಿಣ ಸಾಗರದ ಬಿರುಗಾಳಿಯ ಅಲೆಗಳನ್ನು ಅಲಾಸ್ಕಾವರೆಗೆ ಹಿಂಬಾಲಿಸಿತ್ತು. 16 ಸೆಕೆಂಡಿನ ಸ್ವೆಲ್ ಗಂಟೆಗೆ ಸುಮಾರು 45 ಕಿ.ಮೀ. ವೇಗದಲ್ಲಿ ಬರುತ್ತದೆ. ನೀವು ಆ್ಯಪ್ ಬೈಯುತ್ತೀರಲ್ಲ, ಆ ಮುನ್ಸೂಚನೆಯ ಹಿಂದೆ ಇರುವುದು ಈ ಕೆಲಸ.

ಉಪ್ಪುಗಾಳಿ
ನಾನು ವಿಜ್ಞಾನವನ್ನು ಬೈದಿಲ್ಲ. ಆ್ಯಪ್‌ನ ಬಣ್ಣ ನೋಡಿ ಓಡುವವರನ್ನು ಬೈದೆ.

ಸ್ವೆಲ್‌ಶಾಸ್ತ್ರಿ
“ಓಡುವವರು” ಯಾವಾಗಲೂ ಇದ್ದರು. ಅಲೆ ಮುನ್ಸೂಚನೆಯ ಕಂಪನಿ ಸರ್ಫ್‌ಲೈನ್ 1985ರಲ್ಲಿ ಶುರುವಾದಾಗ ಅದು ಫೋನ್ ಸೇವೆ. ದುಡ್ಡು ಕೊಟ್ಟು ಕರೆ ಮಾಡಿದರೆ ಅಲೆ ಹೇಗಿದೆ ಅಂತ ಹೇಳುತ್ತಿದ್ದರು. ಆಗಲೂ ಇದೇ ಗೊಣಗಾಟ. ನೀವೂ ಮುನ್ಸೂಚನೆ ನೋಡದೆ ನೀರಿಗೆ ಇಳಿಯುತ್ತೀರಾ? ಎದೆ ಮುಟ್ಟಿ ಹೇಳಿ.

ಉಪ್ಪುಗಾಳಿ
ನೋಡುತ್ತೇನೆ. ಆದರೆ ನಾನು ನೋಡಿದ್ದನ್ನು ಊರಿಗೆಲ್ಲ ಸಾರುವುದಿಲ್ಲ.

ನೊರೆವೀರ
ಹಾ! “ನೋಡುತ್ತೇನೆ.” ಬೇರೆಯವರು ಹಾಕಿದ ಕ್ಯಾಮೆರಾ ಬೇಕು, ಬೇರೆಯವರ ಮಾಹಿತಿ ಬೇಕು, ತನ್ನದು ಮಾತ್ರ ಜೇಬಿನಲ್ಲಿ. ಇದಕ್ಕೆ ಏನಂತಾರೆ?

ಉಪ್ಪುಗಾಳಿ
ಇದಕ್ಕೆ ಬಾಯಿ ಬಿಗಿ ಹಿಡಿಯುವುದು ಅಂತಾರೆ. ನಿಮಗೆ ಗೊತ್ತಿಲ್ಲದ ವಿಷಯ. ಮತ್ತೆ, ನಿಜ ಹೇಳಬೇಕೆಂದರೆ ನಾನು ಆರಡಿ ಅಂದದ್ದು ಸೌಜನ್ಯಕ್ಕೆ. ಐದು.

ಮೇಣದಮುದ್ದೆ
ಚರ್ಚೆ ಶುರು ಮಾಡಿದವರೂ ನೀರಿಗೆ ಬಿದ್ದರು.

ನೊರೆವೀರ
ಇದು ಸೇಡು. ಎಲ್ಲರೂ ಸಾಕ್ಷಿ. ಮೊದಲ ಪೋಸ್ಟಿನಲ್ಲಿ “ಒಳ್ಳೆ ಆರಡಿ” ಅಂತ ಬರೆದವರು ಇವರೇ. ವಾದದಲ್ಲಿ ಸೋತ ಕೂಡಲೇ ಒಂದಡಿ ಕಿತ್ತುಕೊಂಡರು.

ಅಳತೆಗೋಲು
ಈ ಒಂದು ವಿಷಯದಲ್ಲಿ ನೊರೆವೀರ ಹೇಳಿದ್ದು ನ್ಯಾಯ. ಅಳತೆ ಸಿಟ್ಟಿನ ಮೇಲೆ ಬದಲಾಗಬಾರದು. 1.92.

ಹವಳದಂಡೆ
ಕೊನೆಯ ಸಲ ಕೇಳುತ್ತೇನೆ. ಸನ್‌ಸ್ಕ್ರೀನ್ ಬಗ್ಗೆ ಉಪ್ಪುಗಾಳಿಯೇ ಎತ್ತಿದ್ದರು. ಹವಳಕ್ಕೆ ಹಾನಿ ಅಂತ ಆಕ್ಸಿಬೆಂಜೋನ್, ಆಕ್ಟಿನಾಕ್ಸೇಟ್ ಎಂಬ ರಾಸಾಯನಿಕ ಇರುವುದನ್ನು ಮಾರಬಾರದು ಅಂತ ಹವಾಯಿ 2018ರಲ್ಲಿ ಕಾನೂನು ಮಾಡಿತು, 2021ರಿಂದ ಜಾರಿ. ನಿಮ್ಮ ಟ್ಯೂಬಿನ ಹಿಂದೆ ಏನು ಬರೆದಿದೆ ಅಂತ ಒಬ್ಬರಾದರೂ ಓದಿದ್ದೀರಾ? ಅಲೆಗಾಗಿ ವಿಮಾನದಲ್ಲಿ ಹೋಗುವವರು ಆ ಹೊಗೆ ಲೆಕ್ಕ ಹಾಕಿದ್ದೀರಾ? ಬೋರ್ಡು ಮುರಿದಾಗ ಫೋಮಿನ ಬಿಳಿ ಪುಡಿ ಮರಳಿನಲ್ಲಿ ಬೆರೆತು ಹೋಗುತ್ತದೆ. ಎಷ್ಟು ಆರಿಸಿದರೂ ಬೆರಳಿಗೆ ಅಂಟಿಕೊಳ್ಳುತ್ತದೆ, ಅರ್ಧಕ್ಕರ್ಧ ಅಲ್ಲೇ ಉಳಿಯುತ್ತದೆ. ಮುರಿದವರು ತುಂಡು ಹಿಡಿದುಕೊಂಡು ಫೋಟೊ ತೆಗೆಸಿಕೊಂಡು ಹೊರಟುಬಿಡುತ್ತಾರೆ.

ಹಳೇಹಲಗೆ
“ವಿಮಾನದಲ್ಲಿ ಹೋಗುವವರು” ಅಂತ ಕೇಳಿದಿರಿ. ಅದಕ್ಕೆ ಕೆರೆ ಕಟ್ಟಿ ಅಲೆ ಮಾಡುತ್ತಿದ್ದಾರಲ್ಲ ಮೇಡಂ. ಸರ್ಫರ್ ಕೆಲಿ ಸ್ಲೇಟರ್ 2015ರಲ್ಲಿ ತೋರಿಸಿದ್ದು ಸಮುದ್ರದಿಂದ 100 ಕಿ.ಮೀ.ಗೂ ದೂರ, ಕ್ಯಾಲಿಫೋರ್ನಿಯಾದ ಲೆಮೂರ್‌ನಲ್ಲಿ. ಹಳಿ ಮೇಲೆ ಯಂತ್ರ ಎಳೆದರೆ ಅಲೆ ಏಳುತ್ತದೆ. ಪ್ರತಿ ಸಲ ಅದೇ ಎತ್ತರ. ಅಲ್ಲಿ ಯಾರೂ ಜಗಳವಾಡುವುದಿಲ್ಲ.

ಹವಳದಂಡೆ
ಅಲ್ಲಿಗೂ ಜನ ವಿಮಾನದಲ್ಲೇ ಹೋಗುತ್ತಾರೆ. ಕರೆಂಟು ಬೇರೆ. ನಾನು ಹೊರಟೆ, ನಿಮ್ಮ ಅಡಿಗಳನ್ನು ನೀವೇ ಎಣಿಸಿಕೊಳ್ಳಿ.

ನೊರೆವೀರ
ಮೇಡಂ ಹೋಗುವ ಮುಂಚೆ: ನನ್ನ ಟ್ಯೂಬಿನ ಹಿಂದೆ ಓದಿದೆ. ಜಿಂಕ್ ಆಕ್ಸೈಡ್ ಅಂತಿದೆ. ಇದು ನನಗೆ ಮೊದಲಿನಿಂದ ಗೊತ್ತಿತ್ತು.

ಮತ್ತೆ, ಅಳತೆಗೋಲು ಅವರಿಗೆ. ಉಬ್ಬರದ ಸಮಯ ನೋಡಿದೆ, ಬೇರೆ ಕೋನದಿಂದ ತೆಗೆದ ಇನ್ನೊಂದು ವಿಡಿಯೊವನ್ನೂ ನೋಡಿದೆ. ಏಳೂವರೆ. ಇದೇ ಕೊನೆ ಮಾತು, ಇದಕ್ಕಿಂತ ಒಂದಿಂಚು ಇಳಿಯುವುದಿಲ್ಲ.

ಅಳತೆಗೋಲು
ಆ ಇನ್ನೊಂದು ವಿಡಿಯೊ ಹಾಕಿ. ಕ್ಯಾಮೆರಾ ಎಲ್ಲಿತ್ತು ಅಂತಲೂ ಹೇಳಿ.

ಉಪ್ಪುಗಾಳಿ
ಎಲ್ಲಿತ್ತು ಅಂತ ಹೇಳಬೇಡಿ!

ಹಳೇಹಲಗೆ
ನಾಲ್ಕು.